ಇನ್ನೂರು ಕೆ.ಬಿ. ಒಳಗೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದಿನ ಸಂದಿಯಲ್ಲಿ
ಒಂದು ಕಂಪ್ಯೂಟರು, ಒಂದು ಪ್ರಿಂಟರು, ಮನಸ್ಸು ಬಂದಾಗ ತಿರುಗುವ ಫ್ಯಾನು,
ನಾನು.
ಯಾರದೇ ಬಾಳನ್ನು ಇನ್ನೂರು ಕೆ.ಬಿ. ಒಳಗೆ
ಕುಗ್ಗಿಸಿಕೊಡುವುದು ಕಸುಬು.
ಪುಟಕ್ಕೆ ಹತ್ತು ರೂಪಾಯಿ.

ಪಿಂಚಣಿ, ಪಹಣಿ, ಪಡಿತರ, ಸತ್ತವರ ದಾಖಲೆ,
ಎಲ್ಲ ಕಂಡ ಕೈ ಇದು. ಆದರೂ
ಹೊರದೇಶದ ಓದಿಗೆ ಸರ್ಕಾರ ಕೊಡುವ ದುಡ್ಡಿನ ಅರ್ಜಿಯನ್ನು
ತೆರೆದದ್ದು ಮೊನ್ನೆಯೇ ಮೊದಲು.
ತಂದವಳು ರೀಲಿಂಗ್ ಖುರ್ಷಿದಾಬಿ ಮಗಳು, ಸಬೀಹಾ.
ಯಾವ ಊರಮ್ಮ? ಲೀಡ್ಸ್.
ಎಲ್ಲಿ ಬರುತ್ತೆ? ಚಳಿ ಇರೋ ಕಡೆ.
ಏನು ಓದೋದು? ರೇಷ್ಮೆ.

ನಗು ಬಂತು ನನಗೆ.
ಊರಿಗೆ ಊರೇ ಗೂಡು ಬೇಯಿಸುತ್ತಿದೆ,
ಹುಳದ ವಾಸನೆ ಹೊದ್ದು ಮಲಗುತ್ತೇವೆ,
ಇದನ್ನು ಓದಲು ವಿಮಾನ ಹತ್ತಬೇಕೆ?

ಅವಳು ನಗಲಿಲ್ಲ.
ನೂಲಲ್ಲ ಅಣ್ಣ, ನೂಲಿನ ಮೇಲಿರೋ ಅಂಟು.
ಕುದಿಸಿ ಕುದಿಸಿ ನಾವು ಚರಂಡಿಗೆ ಚೆಲ್ತೀವಲ್ಲ, ಅದು.
ಸುಟ್ಟಗಾಯ ಮಾಯೋದಕ್ಕೆ ಬರುತ್ತೆ.

ಅಪ್ಪನ ಹೆಸರು ಒಂದರಲ್ಲಿ ದಸ್ತಗೀರ್, ಇನ್ನೊಂದರಲ್ಲಿ ದಸ್ತಗಿರಿ,
ಮತ್ತೊಂದರಲ್ಲಿ ದಸ್ತಗಿರಿ ಸಾಬ್.
ಮೂವರಿಗೂ ಸೇರಿ ಒಬ್ಬಳೇ ಮಗಳು.
ಮೂವರೂ ತೀರಿಕೊಂಡ ದಿನಾಂಕ ಮಾತ್ರ ಒಂದೇ.

ಹಾಗಾಗಿ ವರಮಾನದ ಪತ್ರ ತಾಯಿ ಹೆಸರಿನಲ್ಲಿ ಆಗಬೇಕು.
ಕಡೇ ದಿನಕ್ಕೆ ಇನ್ನು ಒಂಬತ್ತು ದಿನ.
ಖುರ್ಷಿದಾಬಿ ಬೇಸಿನ್ ಬಿಟ್ಟು ಬಂದರು,
ಸೆರಗಿಗೆ ಕೈ ಒರೆಸಿಕೊಳ್ಳುತ್ತ.

ಬಲಗೈ ಹೆಬ್ಬೆಟ್ಟು. ಕೆಂಪು ದೀಪ.
ಒತ್ತಿ ಅಮ್ಮ. ಒತ್ತಿದರು. ಕೆಂಪು.
ಕೂದಲಿಗೆ ಸವರಿ ಇಡಿ, ಎಣ್ಣೆಪಸೆಗೆ ತಗೊಳ್ಳುತ್ತೆ.
ತೋರುಬೆರಳು. ನಡುಬೆರಳು. ಕೆಂಪು, ಕೆಂಪು.
ಇಪ್ಪತ್ತಾರು ವರ್ಷ ಕುದಿನೀರಿನಲ್ಲಿ
ಎಳೆಯ ತುದಿ ತಡಕಿದ ಬೆರಳುಗಳು,
ಸವೆದ ಸೋಪಿನ ಬಿಲ್ಲೆಗಳು,
ಒಂದು ಗೆರೆ ಉಳಿದಿಲ್ಲ.
ಗೂಡಿನ ತುದಿ ಸಿಕ್ಕಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರು ಬಿಚ್ಚಿಕೊಳ್ಳುತ್ತದೆ.
ಇಲ್ಲಿ ತುದಿಯೇ ಇಲ್ಲ.
ನೀವು ನೀವಲ್ಲ, ಎಂದಿತು ಯಂತ್ರ,
ಅದರ ಭಾಷೆಯಲ್ಲಿ, ಬಹಳ ಮರ್ಯಾದೆಯಿಂದ.

ಸಬೀಹಾ ಗೋಡೆಯ ಮೇಲಿನ ನನ್ನ ದರಪಟ್ಟಿಯನ್ನು
ನಾಳೆ ಪರೀಕ್ಷೆಗಿದೆ ಎಂಬಂತೆ ಓದುತ್ತಿದ್ದಳು.

ಎಡಗೈ ಕಿರುಬೆರಳು, ಹತ್ತನೆಯದು.
ಅದಕ್ಕೆ ಇಷ್ಟು ವರ್ಷ ಕೆಲಸವೇ ಇರಲಿಲ್ಲವಂತೆ,
ನೀರಿನಿಂದ ಎತ್ತಿ ಹಿಡಿದೇ ಇರುತ್ತಿದ್ದರಂತೆ
ಮದುವೆಮನೆಯಲ್ಲಿ ಚಾ ಕುಡಿಯುವ ದೊಡ್ಡವರ ಮನೆ ಹೆಂಗಸಿನ ಹಾಗೆ.
ಹಸಿರು.
ಕೆಲಸಗಳ್ಳಿ, ಎಂದರು ಅದನ್ನೇ ನೋಡುತ್ತ ಖುರ್ಷಿದಾಬಿ,
ಬೈದರೋ ಮುದ್ದಿಸಿದರೋ ತಿಳಿಯಲಿಲ್ಲ.
ಬೇಸಿನ್ ಆರುತ್ತದೆ ಎಂದು ಹೊರಟೇಬಿಟ್ಟರು.

ಪತ್ರ ಬಂದದ್ದು ಆರನೆಯ ದಿನ.
ಕೊನೆಯ ಪುಟ: ಈ ವ್ಯಾಸಂಗ ನಿಮಗೆ ಏಕೆ?
ಐನೂರು ಪದ ಮೀರದಂತೆ.
ಅವಳು ಬರೆದು ತಂದದ್ದರಲ್ಲಿ ಅಂಟು ಇತ್ತು, ಚರಂಡಿ ಇತ್ತು,
ತೊಂಬತ್ತೈದು ಡಿಗ್ರಿ ಶಾಖ ಇತ್ತು.
ಅಮ್ಮನ ಕೈ ಬಗ್ಗೆ ಒಂದು ಸಾಲು ಹಾಕು, ಅಂದೆ,
ಇಂಥದಕ್ಕೆ ಮೇಲಿನವರು ಕರಗುತ್ತಾರೆ,
ನೋಡಿದ್ದೇನೆ, ಎಷ್ಟೋ ಜನಕ್ಕೆ ನಾನೇ ಹಾಕಿಕೊಟ್ಟಿದ್ದೇನೆ.

ಅದು ನನ್ನ ದಾಖಲೆ ಅಲ್ಲ ಅಣ್ಣ, ಅಂದಳು.

ಹಾಗೆಯೇ ಕಳಿಸಿದೆವು.
ಮುನ್ನೂರ ಹನ್ನೆರಡು ಕೆ.ಬಿ. ಇದ್ದದ್ದನ್ನು
ನೂರ ತೊಂಬತ್ತೆಂಟಕ್ಕೆ ಇಳಿಸಿದೆ.
ಕಳೆದುಹೋದ ಅಷ್ಟು ಎಲ್ಲಿಗೆ ಹೋಗುತ್ತದೆ
ಎಂದು ಈ ಕೆಲಸ ಹಿಡಿದ ಮೇಲೆ ಮೊದಲ ಸಲ ಯೋಚಿಸಿದೆ.

ಈಗ ಬೆಳಿಗ್ಗೆ ಅಂಗಡಿ ತೆರೆದವನು
ಊದುಬತ್ತಿಗೂ ಮೊದಲು ಆ ಹನ್ನೊಂದು ಅಂಕಿ ಒತ್ತುತ್ತೇನೆ,
ಯಾರೂ ಹೇಳಿಲ್ಲ, ಯಾರೂ ದುಡ್ಡು ಕೊಟ್ಟಿಲ್ಲ.
ಪರಿಶೀಲನೆಯಲ್ಲಿದೆ.
ಅವಳೂ ಅದೇ ಹೊತ್ತಿಗೆ ಫೋನಿನಲ್ಲಿ ನೋಡುತ್ತಿರಬಹುದು.
ಇಬ್ಬರೂ ಒಟ್ಟಿಗೆ ಒತ್ತಿದರೆ ಸರ್ವರ್‌ಗೆ ಭಾರವಾದೀತೆಂದು
ನಾನು ಒಂದೆರಡು ನಿಮಿಷ ತಡೆಯುತ್ತೇನೆ.